ತೂಕದ ಕಲ್ಲಿಗೆ ಕುಂಕುಮ

ಮೊದಲ ದಿನ ನನಗೆ ಲ್ಯಾಪ್‌ಟಾಪ್ ಕೊಡುವುದಕ್ಕೂ ಮುಂಚೆ ಒಂದು ಜೊತೆ ಚಪ್ಪಲಿ ಕೊಟ್ಟರು. ಹೊರಗಿನ ಬೂಟನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಬಿಟ್ಟು, ಒಳಗೆಲ್ಲ ಇದನ್ನೇ ಹಾಕಿಕೊಂಡು ಓಡಾಡಬೇಕಂತೆ. ಮೈಸೂರಿನ ನಮ್ಮ ಮನೆಯಲ್ಲಿ ಹೊರಗಿನ ಚಪ್ಪಲಿಯಲ್ಲಿ ಹೊಸ್ತಿಲು ದಾಟಿದವರನ್ನು ಅಮ್ಮ ಕಣ್ಣಲ್ಲೇ ಸುಡುತ್ತಿದ್ದಳು. ಆದರೂ ಅಮೆರಿಕದಲ್ಲಿ ಹದಿನೆಂಟು ವರ್ಷ ಬೂಟುಗಾಲಲ್ಲೇ ಆಫೀಸು ತುಳಿದ ನನಗೆ ಅವತ್ತು ಮುಜುಗರವಾಯಿತು. ಕಾರಣ ಇಷ್ಟೇ, ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

ಆಫೀಸು ಇರುವುದು ನಾರ್ತ್ ಕ್ರೀಕ್‌ನಲ್ಲಿ, ಫ್ರೀವೇ ಸದ್ದು ಸದಾ ಕೇಳುವ ಜಾಗದಲ್ಲಿ. ಜಪಾನಿನ ಒಂದು ಸಣ್ಣ ಕಂಪನಿಯ ಅಮೆರಿಕದ ಶಾಖೆ, ಎಲ್ಲ ಸೇರಿ ಹದಿನಾಲ್ಕು ಜನ. ಔಷಧಿ ತಯಾರಿಸುವವರಿಗೆ ಪುಡಿ ತೂಗುವ ತಕ್ಕಡಿ ಮಾಡಿಕೊಡುತ್ತಾರೆ. ತಕ್ಕಡಿ ಎಂದರೆ ತರಕಾರಿ ಮಾರ್ಕೆಟ್ಟಿನದಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೂತು, ನಾವು ಪಕ್ಕದಲ್ಲಿ ಜೋರಾಗಿ ಉಸಿರು ಬಿಟ್ಟರೂ ಅಂಕಿ ಬದಲಾಯಿಸುವಂಥದ್ದು. ಅದರ ಸಾಫ್ಟ್‌ವೇರ್ ತೂಕವನ್ನು ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ.

ಅದಕ್ಕೆ ಮುಂಚೆ ಇಲ್ಲಿಗೆ ಹತ್ತಿರದ ಫ್ರೀಮಾಂಟ್‌ನಲ್ಲಿ ಒಂದು ದೊಡ್ಡ ಕಂಪನಿಯಲ್ಲಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ದೋಸೆ ಇನ್ನೂ ಹೆಂಚಿನ ಮೇಲಿರುವಾಗಲೇ, ನಿಮ್ಮ ಹುದ್ದೆ ಇನ್ನಿಲ್ಲ ಎಂದು ಈಮೇಲ್ ಬಂತು. ನಮ್ಮಂಥ ವೀಸಾದವರಿಗೆ ಕೆಲಸ ಹೋದರೆ ಅರವತ್ತು ದಿನ ಗಡುವು. ಅಷ್ಟರಲ್ಲಿ ಇನ್ನೊಬ್ಬರು ಸೇರಿಸಿಕೊಳ್ಳಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಮ್ಮ ಯಜಮಾನರು ಕೆಲಸ ಮಾಡುವುದೂ ನನ್ನ ವೀಸಾದ ಆಧಾರದ ಮೇಲೆಯೇ. ನನ್ನದು ಹೋದರೆ ಅವರದೂ ಹೋಯಿತು. ಮಗಳು ಇಲ್ಲೇ ಹುಟ್ಟಿದವಳು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಐವತ್ತೊಂದನೆಯ ದಿನ ಈ ಜಪಾನಿನವರು ನನ್ನನ್ನು ತೆಗೆದುಕೊಂಡರು. ಮೂರು ತಿಂಗಳು ನೋಡುತ್ತೇವೆ, ಆಮೇಲೆ ಖಾಯಂ ಮಾಡುವುದೋ ಬಿಡುವುದೋ ಹೇಳುತ್ತೇವೆ ಎಂದರು. ಬಿಟ್ಟರೆ ಮತ್ತೆ ಅರವತ್ತು ದಿನದ ಎಣಿಕೆ. ಆ ಮೂರು ತಿಂಗಳು ನಮ್ಮ ಮನೆಗೆ ಒಂದು ಹೊಸ ಚಮಚವೂ ಬರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಎಲ್ಲರೂ ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ನಿಲ್ಲುತ್ತಿದ್ದೆವು. ಪಿಯಾನೊ ಸಂಗೀತ ಹಾಕುತ್ತಿದ್ದರು. ಅದಕ್ಕೆ ತಕ್ಕಂತೆ ಕೈ ಮೇಲೆ, ಕೈ ಕೆಳಗೆ, ಸೊಂಟ ಬಗ್ಗಿಸು, ಕುತ್ತಿಗೆ ತಿರುಗಿಸು. ನಮ್ಮ ಪ್ರೈಮರಿ ಸ್ಕೂಲಿನ ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಾ ಎದುರು ಬಂದು ನಿಂತಂತೆ ಆಗುತ್ತಿತ್ತು. ಮೊದಲ ವಾರ ನಾಚಿಕೆಯಿಂದ ಅರ್ಧಂಬರ್ಧ ಕೈ ಎತ್ತಿದೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದಾತ ಪಕ್ಕದೂರು ಕೆನ್ಮೋರ್‌ನಿಂದ ಬರುವ ಟೆಕ್ನಿಷಿಯನ್. ಅಮೆರಿಕದವನೇ, ಅರವತ್ತು ದಾಟಿದ ಎತ್ತರದ ಆಸಾಮಿ, ಗಡ್ಡವೆಲ್ಲ ಬಿಳಿ. ಯಂತ್ರಗಳನ್ನು ಜೋಡಿಸಿ ಅಳತೆಗೆ ಕೂರಿಸುವುದು ಆತನ ಕೆಲಸ. "ಮೊದಲ ವರ್ಷ ನನಗೂ ನಗು ಬರುತ್ತಿತ್ತು. ಈಗ ಇದಿಲ್ಲದಿದ್ದರೆ ಬೆನ್ನು ಹಿಡಿದುಕೊಳ್ಳುತ್ತೆ," ಅಂದ. ಎರಡನೇ ವಾರಕ್ಕೆ ನಾನೂ ಪೂರ್ತಿ ಬಗ್ಗತೊಡಗಿದೆ.

ಮ್ಯಾನೇಜರ್ ಜಪಾನಿನಿಂದ ಬಂದವರು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಊರಿಗೆ ಹೋಗಿ ಬಂದಾಗಲೆಲ್ಲ ನಮ್ಮೆಲ್ಲರಿಗೂ ಒಂದೊಂದು ಸಿಹಿ ತರುತ್ತಿದ್ದರು. ಆ ಸಿಹಿಗೆ ಮೂರು ಸುತ್ತು ಕಾಗದ. ಬಿಚ್ಚುತ್ತಾ ಹೋದರೆ ಒಳಗೆ ಗೋಲಿಯಷ್ಟು ದೊಡ್ಡ ವಸ್ತು. ನಮ್ಮ ಕಡೆ ಇಷ್ಟು ಸಣ್ಣದನ್ನು ಕೊಟ್ಟರೆ ಜಿಪುಣ ಅನ್ನುತ್ತಿದ್ದೆವು. ಅವರನ್ನು ಏನಾದರೂ ಕೇಳಿದರೆ ಉತ್ತರಕ್ಕೆ ಮುಂಚೆ ಸುಮ್ಮನೆ ಕೂತುಬಿಡುತ್ತಿದ್ದರು. ನನಗೋ ಯಾರಾದರೂ ಎರಡು ಗಳಿಗೆ ಮಾತಾಡದಿದ್ದರೆ ನಾಲಿಗೆ ತುರಿಸುತ್ತದೆ. ನಾನು ಕೇಳಿದ ಪ್ರಶ್ನೆಗೆ ನಾನೇ ಉತ್ತರ ಕೊಟ್ಟು, ಆ ಉತ್ತರಕ್ಕೆ ನಾನೇ ಆಕ್ಷೇಪ ಎತ್ತಿ, ಕೊನೆಗೆ ನಾನೇ ಒಪ್ಪಿಕೊಂಡು ಎದ್ದು ಬರುತ್ತಿದ್ದೆ. ಅವರು ಆಗತಾನೇ ಬಾಯಿ ತೆರೆಯುವವರಿರುತ್ತಿದ್ದರು.

ಇದೆಲ್ಲ ಹೇಗೋ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಸಂಜೆಯ ವರದಿ. ಮನೆಗೆ ಹೊರಡುವ ಮುಂಚೆ ಪ್ರತಿಯೊಬ್ಬರೂ ಅರ್ಧ ಹಾಳೆಯಷ್ಟು ಕೈಯಲ್ಲೇ ಬರೆದು ಮ್ಯಾನೇಜರ್ ಮೇಜಿನ ಟ್ರೇಯಲ್ಲಿ ಇಡಬೇಕು. ಅದರಲ್ಲಿ ಮೂರು ಚೌಕ. ಇವತ್ತು ಏನು ಮಾಡಿದೆ, ಇವತ್ತು ಏನು ತೊಂದರೆಯಾಯಿತು ಅಥವಾ ಏನು ತಪ್ಪು ಮಾಡಿದೆ, ಯಾರ ಸಹಾಯ ಬೇಕು. ಮೊದಲನೆಯ ಚೌಕವನ್ನು ಅಂಚಿನವರೆಗೂ ತುಂಬಿಸುತ್ತಿದ್ದೆ. ಎರಡನೆಯದರಲ್ಲಿ 'ಏನೂ ಇಲ್ಲ' ಎಂದು ದುಂಡಗೆ ಬರೆದು ಕೆಳಗೆ ಒಂದು ಗೆರೆಯನ್ನೂ ಎಳೆಯುತ್ತಿದ್ದೆ.

ತೊಂದರೆ ಇರಲಿಲ್ಲವೆಂದಲ್ಲ. ನಾನು ಬೆಳೆದು ಬಂದ ರೀತಿ ಹಾಗೆ. ಗಣಿತದಲ್ಲಿ ಕೆಂಪು ಗೆರೆ ಬಿದ್ದ ಮಾರ್ಕ್ಸ್ ಕಾರ್ಡನ್ನು, ಅಪ್ಪ ಕಾಫಿ ಕುಡಿದು ಪೇಪರಿನಲ್ಲಿ ಮುಳುಗಿರುವ ಗಳಿಗೆ ನೋಡಿ, ಮೊಣಕೈ ಕೆಳಗೆ ತೂರಿಸಿ ಸಹಿ ಹಾಕಿಸಿಕೊಂಡವಳು ನಾನು. ಫ್ರೀಮಾಂಟ್‌ನಲ್ಲಿ ಆ ವಿದ್ಯೆಗೆ ಇನ್ನಷ್ಟು ಸಾಣೆ ಹಿಡಿಸಿದರು. ಅಲ್ಲಿ ವರ್ಷಕ್ಕೆರಡು ಸಲ ನಮ್ಮನ್ನು ನಾವೇ ಹೊಗಳಿಕೊಂಡು ಪುಟಗಟ್ಟಲೆ ಬರೆಯಬೇಕಿತ್ತು. ಕೆಟ್ಟು ಹೋದ ಕೆಲಸವನ್ನು 'ಇದರಿಂದ ಬಹಳ ಕಲಿತೆ' ಎಂದು ಬರೆದರೆ ಅದೂ ಸಾಧನೆಯ ಲೆಕ್ಕಕ್ಕೇ ಸೇರುತ್ತಿತ್ತು. ತಪ್ಪನ್ನು ತಪ್ಪು ಎಂದು ಬರೆದು, ಕೆಳಗೆ ಹೆಸರು ಹಾಕಿ ಕೊಡುವ ಪೆದ್ದುತನವನ್ನು ಯಾರೂ ಮಾಡುತ್ತಿರಲಿಲ್ಲ.

ಮೂರನೇ ವಾರ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನಿಮಗೆ ಇಲ್ಲಿ ಏನೂ ತೊಂದರೆಯಾಗುತ್ತಿಲ್ಲವೇ?" ಎಂದು ಕೇಳಿದರು.

"ಇಲ್ಲವೇ ಇಲ್ಲ, ಎಲ್ಲ ತುಂಬ ಚೆನ್ನಾಗಿದೆ," ಅಂದೆ, ಹಲ್ಲು ಕಿರಿದು.

ಅವರ ಮುಖ ಬಾಡಿತು. ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿ ಹೊರಟುಹೋದರು. ನನಗೆ ಒಳಗೊಳಗೇ ಸಿಟ್ಟು. ಚೆನ್ನಾಗಿದೆ ಎಂದರೂ ತಪ್ಪೇ, ನನ್ನ ಮೇಲೆ ಅನುಮಾನವೇ ಈ ಮನುಷ್ಯನಿಗೆ ಎಂದು ಗೊಣಗಿಕೊಂಡೆ. ಟೆಕ್ನಿಷಿಯನ್‌ಗೂ ಹೇಳಿದೆ. ಆತ, "ಅನುಮಾನ ಅಲ್ಲ, ಅವರಿಗೆ ಭಯ. ಹೊಸ ಕೆಲಸದಲ್ಲಿ ಮೂರು ವಾರ ಒಂದೂ ತಪ್ಪು ಮಾಡದವರು ಎಲ್ಲಿದ್ದಾರೆ?" ಅಂದ. ಆ ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಆಯುಧ ಪೂಜೆ ಬಂದದ್ದು ಎಂಟನೇ ವಾರದಲ್ಲಿ. ಅಮೆರಿಕಕ್ಕೆ ಬಂದ ಮೇಲೂ ನಾನು ಬಿಡದೆ ಮಾಡಿಕೊಂಡು ಬಂದ ಹಬ್ಬ ಇದೊಂದೇ. ಗೌರಿಗೆ ಚಕ್ಕರ್ ಹೊಡೆದಿದ್ದೇನೆ, ಯುಗಾದಿಯ ದಿನ ಬೇವು ಸಿಗದೆ ಬರೀ ಬೆಲ್ಲ ತಿಂದಿದ್ದೇನೆ. ಆಯುಧ ಪೂಜೆ ಮಾತ್ರ ತಪ್ಪಿಲ್ಲ. ಕಾರು, ಮಿಕ್ಸಿ, ಹೊಲಿಗೆ ಯಂತ್ರ, ಆಫೀಸಿನ ಲ್ಯಾಪ್‌ಟಾಪು, ಎಲ್ಲಕ್ಕೂ ಅರಿಶಿನ ಕುಂಕುಮ. ಮಗಳು "ಅಮ್ಮಾ, ಏರ್‌ ಫ್ರೈಯರ್‌ಗೂನಾ? ಸೀರಿಯಸ್ಲಿ?" ಎಂದು ನಗುತ್ತಾಳೆ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಂದು ದಿನ ಕೈಮುಗಿಯುವುದರಲ್ಲಿ ನನಗೆ ಯಾವತ್ತೂ ನಗುವಂಥದ್ದು ಕಂಡಿಲ್ಲ. ಆ ವರ್ಷವಂತೂ ನನ್ನ ಮನಸ್ಸು ತುಂಬಿ ಬಂದಿತ್ತು. ಐವತ್ತು ದಿನ ಊಟ ರುಚಿಸದೆ, ನಿದ್ದೆ ಹತ್ತದೆ ಒದ್ದಾಡಿದವಳಿಗೆ ನೆಲೆ ಕೊಟ್ಟದ್ದು ಆ ತಕ್ಕಡಿಗಳು.

ಬೆಳಿಗ್ಗೆ ಏಳಕ್ಕೇ ಹೋದೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಮುಂದಕ್ಕೆ ಓಡಿಸಿ ಪಚಕ್ ಅನ್ನಿಸಿದೆ. ಒಳಗೆ ಯಾರೂ ಇರಲಿಲ್ಲ. ದೀಪ ಹಚ್ಚಿದರೆ ಫೈರ್ ಇಂಜಿನ್ನೇ ಬರುತ್ತದೆಂದು ಅದನ್ನು ಬಿಟ್ಟು, ತಕ್ಕಡಿಗಳ ಕಾಲಿಗೆ ಅರಿಶಿನ ಕುಂಕುಮ ಇಟ್ಟು, ಅಂಗಡಿಯಿಂದ ತಂದ ಹಳದಿ ಸೇವಂತಿಗೆ ಏರಿಸಿದೆ. ಆಮೇಲೆ ತೂಕದ ಪೆಟ್ಟಿಗೆ ತೆರೆದೆ. ತಕ್ಕಡಿಯನ್ನು ಸರಿಮಾಡಲು ಇಟ್ಟುಕೊಳ್ಳುವ ಮಾದರಿ ತೂಕಗಳು ಅವು. ಹೊಳೆಯುವ ಸ್ಟೀಲಿನವಾದರೂ ನನ್ನ ಬಾಯಲ್ಲಿ ತೂಕದ ಕಲ್ಲುಗಳೇ. ಮೆತ್ತನೆಯ ಬಟ್ಟೆಯ ಗುಳಿಯಲ್ಲಿ ಒಂದು ಕಿಲೋದ ದೊಡ್ಡದು ನಡುವೆ, ಮಿಕ್ಕವು ಸುತ್ತ. ಈ ಮನೆಯ ಹಿರಿಯ ಇವನೇ ಅನ್ನಿಸಿತು. ಎತ್ತಿಕೊಂಡು ಅದರ ನೆತ್ತಿಗೂ ಬದಿಗೂ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಬರಿಗೈಯಲ್ಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ತೂಕಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದರೂ ತೂಕ ಬದಲಾಗುತ್ತದೆ. ಟೆಕ್ನಿಷಿಯನ್ ಮೊದಲ ದಿನವೇ ಗ್ಲೌಸ್ ತೋರಿಸಿ ಹೇಳಿದ್ದ, ನಾನು ತಲೆಯಾಡಿಸಿದ್ದೆ. ಮರೆತಿರಲಿಲ್ಲ. ಅದು ಕೆಲಸದ ಹೊತ್ತಿನ ನಿಯಮ, ಪೂಜೆಗೆ ಗ್ಲೌಸ್ ಹಾಕಿಕೊಳ್ಳುವುದು ಎಲ್ಲಾದರೂ ಉಂಟೇ ಎಂದುಕೊಂಡಿದ್ದೆ, ಅಷ್ಟೇ. ಕೈಮುಗಿದು, ಮೈಸೂರಿನ ಅಕ್ಕನಿಗೆ ಕಳಿಸಲು ಫೋಟೋ ತೆಗೆದು, ತಕ್ಕಡಿಗಳ ಹೂವು ಕುಂಕುಮವನ್ನೆಲ್ಲ ಅಳಿಸಿ, ಒದ್ದೆ ಟಿಶ್ಯೂವಿನಲ್ಲಿ ಆ ಕಲ್ಲನ್ನೂ ಚೆನ್ನಾಗಿ ಉಜ್ಜಿ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಪಾತ್ರೆ ಉಜ್ಜುವ ಕೈ ತಾನೆ, ಬಲವಾಗಿಯೇ ಉಜ್ಜಿತು.

ಹತ್ತೂವರೆಗೆ ಮೀಟಿಂಗ್ ಮುಗಿಸಿ ಬಂದರೆ ಟೆಕ್ನಿಷಿಯನ್ ಗ್ಲೌಸ್ ಕಳಚುತ್ತಿದ್ದ. "ಎರಡೂ ಯಂತ್ರ ಇವತ್ತು ಸ್ವಲ್ಪ ತಪ್ಪು ತೋರಿಸುತ್ತಿದ್ದವು. ಸರಿಮಾಡಿದೆ," ಅಂದ. ಅಳತೆ ಹಾಳೆಯ ಮೇಲೆ ಆಗಷ್ಟೇ ಹಾಕಿದ್ದ ಸಹಿ. ಆ ಎರಡು ಯಂತ್ರಗಳನ್ನು ಒಪ್ಪಿಕೊಳ್ಳಲು ಮರುವಾರ ಒಂದು ಔಷಧಿ ಕಂಪನಿಯವರು ಬರುವವರಿದ್ದರು, ಈ ಶಾಖೆಗೆ ಅದೇ ಮೊದಲ ದೊಡ್ಡ ಆರ್ಡರ್. ನಾನು ಪೆಟ್ಟಿಗೆಯಲ್ಲಿ ಇಣುಕಿದೆ. ಒಂದು ಕಿಲೋ ಎಂದು ಕೊರೆದ ಅಕ್ಷರಗಳ ಸಂದಿನಲ್ಲಿ ಹಳದಿ ಗೆರೆ ಉಳಿದಿತ್ತು, ಬದಿಯಲ್ಲಿ ನಾನು ಉಜ್ಜಿದ ಗೀರೂ ಕಾಣುತ್ತಿತ್ತು. ಯಂತ್ರಗಳು ಸರಿಯಾಗಿಯೇ ತೂಗಿದ್ದವು. ತೂಕದ ಕಲ್ಲೇ ಕೆಟ್ಟಿತ್ತು. ಕೆಟ್ಟ ಕಲ್ಲನ್ನು ನಂಬಿ ಆತ ಒಳ್ಳೆಯ ಯಂತ್ರಗಳೆರಡನ್ನೂ ತಪ್ಪು ಅಳತೆಗೆ ತಿರುಗಿಸಿ ತನ್ನ ಹೆಸರು ಬರೆದಿದ್ದ. ಗಿರಾಕಿಗಳು ತಮ್ಮ ತೂಕ ತಂದು ಇಟ್ಟು ನೋಡಿದರೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಆಗ ನೋಡುವುದು ಸಹಿ ಯಾರದು ಎಂದು.

ನಾನು ಏನೂ ಹೇಳಲಿಲ್ಲ. ನನ್ನ ಮೇಜಿಗೆ ಹೋಗಿ ಕೂತು, ಎರಡು ಗಂಟೆ ಕಂಪ್ಯೂಟರ್ ಪರದೆ ನೋಡಿದೆ. ಊಟದ ಹೊತ್ತಿಗೆ ಕಾರಿನೊಳಗೆ ಕೂತು ಯಜಮಾನರಿಗೆ ಕಾಲ್ ಮಾಡಿದೆ.

"ರೀ, ಒಂದು ಎಡವಟ್ಟಾಗೋಯ್ತು," ಎಂದು ಎಲ್ಲ ಹೇಳಿದೆ.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಾಗಾದ್ರೆ ಸುಮ್ನಿರು. ಇನ್ನೊಂದು ಐದು ವಾರ ಕಣೇ, ಖಾಯಂ ಆಗಿಬಿಡ್ಲಿ. ಅವನೂ ಒಂದ್ಸಲ ಸರಿಯಾಗಿ ನೋಡ್ಕೋಬೇಕಿತ್ತು ತಾನೆ?"

"ಅವನ ಹೆಸರಿದೆ ರೀ ಅಲ್ಲಿ."

"ಅವ್ನು ಈ ದೇಶದವನು. ಅವನನ್ನ ಹೊರಡು ಅಂತ ಯಾರೂ ಹೇಳಲ್ಲ. ಪುಟ್ಟೀದು ಕೊನೇ ವರ್ಷ. ನಿನ್ನ ದಮ್ಮಯ್ಯ ಅಂತೀನಿ, ಬರೆದು ಮಾತ್ರ ಕೊಡ್ಬೇಡ."

ಫೋನ್ ಇಟ್ಟುಬಿಟ್ಟೆ. ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಎರಡು ಗಂಟೆಯಿಂದ ನಾನು ಯೋಚಿಸುತ್ತಿದ್ದುದನ್ನೇ ಅವರು ಬಾಯಿಬಿಟ್ಟು ಹೇಳಿದ್ದರು, ಅದಕ್ಕೇ ಸಿಟ್ಟು.

ಅಷ್ಟರಲ್ಲಿ ಯಾರೋ ಗಾಜು ತಟ್ಟಿದರು. ಟೆಕ್ನಿಷಿಯನ್. ಆತನ ಕೈಯಲ್ಲಿ ಪೇಪರ್ ಟವೆಲ್, ಅದರೊಳಗೆ ಜಜ್ಜಿಹೋದ ನಾಲ್ಕು ನಿಂಬೆಹಣ್ಣು. ಮುಖ ಗಂಭೀರವಾಗಿತ್ತು. "ನಿನಗೆ ಹೇಳಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ಯಾರೋ ನಿನ್ನ ಕಾರಿನ ಕೆಳಗೆ ಇವನ್ನು ಹಾಕಿ ಹೋಗಿದ್ದಾರೆ. ಯಾರಾದರೂ ನಿನಗೆ ಕಾಟ ಕೊಡುತ್ತಿದ್ದರೆ ಹೇಳು. ಸಂಜೆ ನೀನು ಹೊರಡುವವರೆಗೂ ನಾನು ಇಲ್ಲೇ ಇರುತ್ತೇನೆ," ಅಂದ.

ನನಗೆ ನಗು ಬರಬೇಕಿತ್ತು. ಅಳು ಬಂತು. ಕಾರಿನಿಂದ ಇಳಿದು, ನಿಂಬೆಹಣ್ಣಿನಿಂದ ಶುರುಮಾಡಿ ಕುಂಕುಮದವರೆಗೆ, ಟಿಶ್ಯೂವಿನವರೆಗೆ ಎಲ್ಲ ಒದರಿದೆ. ಆತ ಪೂರ್ತಿ ಕೇಳಿದ. ನನ್ನನ್ನು ಸಮಾಧಾನ ಮಾಡುತ್ತಾನೆಂದುಕೊಂಡಿದ್ದೆ. ಮಾಡಲಿಲ್ಲ.

"ಎರಡಕ್ಕೂ ನಾನು ಸಹಿ ಹಾಕಿದ್ದೇನೆ," ಅಂದ.

"ಗೊತ್ತು."

"ನಾನು ಸಹಿ ಹಾಕಿದ್ದು ನಿನಗೆ ಯಾವಾಗ ಗೊತ್ತಾಯಿತು?"

"ಹತ್ತೂವರೆಗೆ."

ಆತ ಗಡಿಯಾರ ನೋಡಿಕೊಂಡ. ಗಡ್ಡದ ಮೇಲೆ ಮುಖವೆಲ್ಲ ಕೆಂಪಾಯಿತು. ನಿಂಬೆಹಣ್ಣುಗಳನ್ನು ಕಸದ ಡಬ್ಬಿಗೆ ಹಾಕಿ, ಒಳಗೆ ಹೋಗಿ, ಎರಡೂ ಯಂತ್ರದ ಮೇಲೆ ಬಳಸಬಾರದು ಎಂಬ ಕೆಂಪು ಚೀಟಿ ಅಂಟಿಸಿದ. ಸಂಜೆಯವರೆಗೂ ನನ್ನ ಕಡೆ ತಿರುಗಲಿಲ್ಲ. ನನಗೆ ಅದು ಸರಿಯೆನ್ನಿಸಿತು.

ನಾಲ್ಕು ಗಂಟೆಗೆ ವರದಿ ಬರೆಯಲು ಕೂತೆ. ಚೀಟಿ ಅಂಟಿಸಿದ್ದು ಆತ, ಕಾರಣ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಬಾಯಲ್ಲಿ ಹೇಳಿ ಮುಗಿಸಬಹುದಿತ್ತು. ಕೈಬರಹ ಇಲ್ಲದಿದ್ದರೆ ಮುಂದೆ ಏನಾದರೂ ಹೇಳಿಕೊಳ್ಳಬಹುದು ಎಂದು ಫ್ರೀಮಾಂಟ್ ಬುದ್ಧಿ ಹೇಳುತ್ತಲೇ ಇತ್ತು. ಮಗಳ ಮುಖ ಕಣ್ಣ ಮುಂದೆ ಬಂತು. ಅವಳಿಗೆ ಏನೆಂದು ಹೇಳುವುದು? ಅಮ್ಮ ತಪ್ಪು ಬರೆದುಕೊಟ್ಟಳು, ಅದಕ್ಕೇ ನೀನು ಕ್ಲಾಸಿನವರನ್ನೆಲ್ಲ ಬಿಟ್ಟು ಮೈಸೂರಿಗೆ ಹೊರಡು ಎಂದೇ? ಆದರೂ ಎರಡನೇ ಚೌಕದಲ್ಲಿ ಬರೆದೆ. ಜಾಗ ಸಾಲಲಿಲ್ಲ, ಹಾಳೆ ತಿರುಗಿಸಿ ಹಿಂದೆಯೂ ಬರೆದೆ. ಹತ್ತೂವರೆಗೆ ಗೊತ್ತಾಗಿಯೂ ಹನ್ನೆರಡೂವರೆಯವರೆಗೆ ಹೇಳಲಿಲ್ಲ ಎಂಬುದನ್ನೂ ಬರೆದೆ. ಟ್ರೇಯಲ್ಲಿ ಇಡಲು ಮನಸ್ಸು ಬರದೆ ಮ್ಯಾನೇಜರ್ ಕೈಗೇ ಕೊಟ್ಟು ನಿಂತೆ.

ಅವರು ಎರಡೂ ಬದಿ ಓದಿದರು. ಹಲ್ಲಿನ ಸಂದಿಯಿಂದ ಗಾಳಿಯನ್ನು ಒಳಗೆಳೆದುಕೊಂಡರು. ಎಂದಿನ ಆ ಮೌನ ಬಂತು. ಅವತ್ತು ಅದರೊಳಗೆ ತುರುಕಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ.

"ಇದನ್ನು ಪ್ರತಿ ವರ್ಷ ಮಾಡುತ್ತೀರಾ?" ಎಂದು ಕೇಳಿದರು ಕೊನೆಗೆ.

"ಹೌದು. ನಮಗೆ ಅನ್ನ ಕೊಡುವ ಸಾಮಾನಿಗೆ."

ಅವರ ತಾಯಿ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದರಂತೆ. ವರ್ಷಕ್ಕೊಂದು ದಿನ, ಮುರಿದ ಸೂಜಿಗಳನ್ನೆಲ್ಲ ಕೂಡಿಟ್ಟು, ಪನೀರಿನಂಥ ಮೆತ್ತನೆಯ ತೋಫುವಿಗೆ ಚುಚ್ಚಿ ಕೈಮುಗಿಯುತ್ತಿದ್ದರಂತೆ. ಗಟ್ಟಿ ಬಟ್ಟೆಯನ್ನೇ ಚುಚ್ಚಿ ಚುಚ್ಚಿ ದಣಿದವಕ್ಕೆ ಕೊನೆಯಲ್ಲಾದರೂ ಮೆತ್ತಗಿನದು ಸಿಗಲಿ ಎಂದು. ಇದನ್ನು ಕೇಳಿ ನನ್ನ ಕಣ್ಣು ಮತ್ತೆ ತುಂಬಿತು, ಇನ್ನೇನು ಮಾಫಿ ಸಿಕ್ಕಿತು ಅಂದುಕೊಂಡೆ.

"ಆದರೆ ದಿನವೂ ಹೊಲಿಯುವ ಸೂಜಿಯನ್ನು ನನ್ನ ತಾಯಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ," ಎಂದರು ಮ್ಯಾನೇಜರ್. ದನಿ ಏರಿಸಲಿಲ್ಲ, ಆದರೆ ಅದರಲ್ಲಿ ಸಲಿಗೆಯೂ ಇರಲಿಲ್ಲ. ಇವತ್ತೇ ಬರೆದದ್ದಕ್ಕೆ ಧನ್ಯವಾದ, ಗಿರಾಕಿಗೆ ಈಗಲೇ ತಿಳಿಸಬೇಕು ಎಂದು ಫೋನ್ ಎತ್ತಿಕೊಂಡರು.

ಅವರ ಕೋಣೆಗೆ ಗಾಜಿನ ಗೋಡೆ. ಹೊರಗೆ ನಿಂತು ನೋಡಿದೆ. ಫೋನಿನ ಆ ಕಡೆ ಇದ್ದವರು ಅಮೆರಿಕದವರು, ಎಲ್ಲೋ ದೂರದಲ್ಲಿದ್ದವರು. ಇವರು ಎದ್ದು ನಿಂತು, ಫೋನನ್ನು ಕಿವಿಗಿಟ್ಟುಕೊಂಡೇ, ಕಾಣದ ಆ ಮನುಷ್ಯನಿಗೆ ಸೊಂಟದಿಂದ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಿದ್ದರು. ನಮ್ಮಿಂದ ತಪ್ಪಾಗಿದೆ, ನಾನು ಸರಿಯಾಗಿ ಕಲಿಸಿಕೊಡಲಿಲ್ಲ ಎಂಬ ಮಾತು ಅರೆಬರೆ ಕೇಳಿಸಿತು. ನನ್ನ ಹೆಸರು ಒಂದು ಸಲವೂ ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈ ಮಾಡಿದ್ದಕ್ಕೆ ಇನ್ನೊಬ್ಬರ ಬೆನ್ನು ಬಾಗುವುದನ್ನು ನೋಡುವುದು ತಡೆಯಲಾಗಲಿಲ್ಲ. ಹೋಗಿ ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡೆ.

ಗಿರಾಕಿಗಳು ಬರುವುದು ಮೂರು ವಾರ ಮುಂದಕ್ಕೆ ಹೋಯಿತು. ಜಪಾನಿನ ಹೆಡ್ ಆಫೀಸಿನಿಂದ ಖಾರವಾದ ಪತ್ರ ಬಂತೆಂದೂ, ಅದಕ್ಕೆ ಮ್ಯಾನೇಜರ್ ನಾಲ್ಕು ಪುಟ ವಿವರಣೆ ಬರೆದರೆಂದೂ ಆಮೇಲೆ ತಿಳಿಯಿತು. ಬೇರೆ ತೂಕ ತರಿಸಿ, ಒಂದು ಶನಿವಾರ ನಾನೂ ಟೆಕ್ನಿಷಿಯನ್ನೂ ಕೂತು ಎರಡೂ ಯಂತ್ರವನ್ನು ಮೊದಲಿನಿಂದ ಅಳತೆಗೆ ಕೂರಿಸಿದೆವು. ಅಷ್ಟು ದಿನ ಆತ ನನ್ನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ್ದ. ನಾನು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆ. ಮಧ್ಯಾಹ್ನ ಡಬ್ಬ ಮುಂದಕ್ಕೆ ತಳ್ಳಿದೆ. ಆತ ಎರಡು ತುತ್ತು ತಿಂದು, ಮೂರನೆಯದಕ್ಕೆ ಕಣ್ಣಲ್ಲಿ ನೀರು ತರಿಸಿಕೊಂಡು, "ಇದು ಶಿಕ್ಷೆ ಯಾರಿಗೆ, ನಿನಗೋ ನನಗೋ?" ಅಂದ. ಆದರೂ ಡಬ್ಬ ಖಾಲಿ ಮಾಡಿದ. ಹಾಳೆಗೆ ಸಹಿ ಹಾಕುವಾಗ ಪೆನ್ನನ್ನು ನನ್ನ ಕೈಗೂ ಕೊಟ್ಟು, "ನೀನೂ ಹಾಕು," ಅಂದ. ಆತನ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ.

ಆಮೇಲಿನ ದಿನಗಳಲ್ಲಿ ಎರಡನೇ ಚೌಕ ಖಾಲಿ ಉಳಿಯಲಿಲ್ಲ. ಇವತ್ತು ಹಳೆಯ ಫೈಲಿನ ಮೇಲೆ ಪರೀಕ್ಷೆ ನಡೆಸಿ ಅರ್ಧ ದಿನ ಹಾಳುಮಾಡಿದೆ, ಮೀಟಿಂಗಿನಲ್ಲಿ ನೀವು ಹೇಳಿದ್ದು ಅರ್ಥವಾಗದಿದ್ದರೂ ತಲೆಯಾಡಿಸಿದೆ, ಹೀಗೆ. ಬರೆದ ಪ್ರತಿಯೊಂದಕ್ಕೂ ಮರುದಿನ ಬೆಳಿಗ್ಗೆ ಪೆನ್ಸಿಲಿನಲ್ಲಿ ಮ್ಯಾನೇಜರ್ ಬರೆದ ಒಂದು ಸಾಲು ಉತ್ತರ ಬಂದಿರುತ್ತಿತ್ತು. ಕೆಲವಕ್ಕೆ ದಾರಿ, ಕೆಲವಕ್ಕೆ 'ನನಗೂ ಹೀಗೆ ಆಗಿತ್ತು' ಎಂದು. ಕೆಲಸ ಉಳಿಯುವ ಆಸೆ ನಾನು ಬಿಟ್ಟಿದ್ದೆ. ಮನೆಯಲ್ಲಿ ಯಜಮಾನರು ಸದ್ದಿಲ್ಲದೆ ವಿಮಾನದ ಟಿಕೆಟ್ ನೋಡುತ್ತಿದ್ದರು. ನಾನು ಬರೆದುಕೊಟ್ಟದ್ದಕ್ಕೆ ಅವರು ಒಂದು ಮಾತೂ ಆಡಲಿಲ್ಲ, ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಲೂ ಇರಲಿಲ್ಲ.

ಮೂರು ತಿಂಗಳು ತುಂಬಿದ ದಿನ ಮ್ಯಾನೇಜರ್ ಕರೆದರು. ಮೇಜಿನ ಮೇಲೆ ನನ್ನ ವರದಿಗಳ ಕಟ್ಟು. ನಿಮ್ಮನ್ನು ಖಾಯಂ ಮಾಡಲು ಶಿಫಾರಸು ಮಾಡುತ್ತಿದ್ದೇನೆ ಎಂದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅದರ ಜೊತೆ ಹೆಡ್ ಆಫೀಸಿಗೆ ನಿಮ್ಮ ಒಂದು ವರದಿ ಲಗತ್ತಿಸಬೇಕು, ಇದನ್ನು ಕಳಿಸಬಹುದೇ ಎಂದು ಕಟ್ಟಿನಿಂದ ಒಂದು ಹಾಳೆ ಎಳೆದು ಮುಂದಿಟ್ಟರು. ಆಯುಧ ಪೂಜೆಯ ದಿನದ್ದು.

"ಅದು ಬೇಡ," ಅಂದುಬಿಟ್ಟೆ. "ನನ್ನ ಒಳ್ಳೆಯ ಕೆಲಸದ ವರದಿ ಬೇರೆ ಬೇಕಾದಷ್ಟಿವೆ."

"ಅವು ಎಲ್ಲರ ಹತ್ತಿರವೂ ಇರುತ್ತವೆ," ಎಂದರು. "ಮೊದಲ ಏಳು ವಾರ ನೀವು ಯಾರು ಎಂದೇ ನನಗೆ ಗೊತ್ತಾಗಿರಲಿಲ್ಲ. ನಿಮ್ಮ ಜೊತೆ ಕೆಲಸ ಮಾಡುವುದು ಹೇಗೆ ಎಂದು ಚಿಂತೆಯಾಗಿತ್ತು. ಗೊತ್ತಾದದ್ದು ಇದನ್ನು ಓದಿದ ಮೇಲೆ."

ಕಳಿಸಿ ಅಂದೆ. ಬಗ್ಗಿ ನಮಸ್ಕಾರ ಹೇಳಿದೆ. ಎಷ್ಟು ಬಗ್ಗಬೇಕು ಎಂಬ ಲೆಕ್ಕ ನನಗೆ ಇವತ್ತಿಗೂ ಗೊತ್ತಿಲ್ಲ, ಅವತ್ತು ಹಣೆ ಮೇಜಿಗೆ ತಾಗುವಷ್ಟು ಬಗ್ಗಿದೆ. ಅಷ್ಟು ಕೃತಜ್ಞತೆ ನನ್ನ ಮೈಯಲ್ಲಿ ಎಂದೂ ಇರಲಿಲ್ಲ.

ಹೊರಗೆ ಬಂದು ಯಜಮಾನರಿಗೆ ಫೋನ್ ಮಾಡಿದೆ. "ಆಯ್ತಂತೆ ರೀ. ಖಾಯಂ."

ಆ ಕಡೆ ಅವರು ಮೂಗೆಳೆದುಕೊಂಡದ್ದು ಕೇಳಿಸಿತು.

"ಆವತ್ತು ನಾನು ಸುಮ್ನಿರು ಅಂದಿದ್ನಲ್ಲ..." ಅಂದರು.

"ಹೆದರಿದ್ರಿ, ಬಿಡಿ."

"ಹೆದರಿದ್ದೆ. ಆದ್ರೆ ಬರೀ ಹೆದರಿಕೆ ಅಲ್ಲ ಕಣೇ. ಅವನ ತಲೆ ಮೇಲೆ ಬಿದ್ರೆ ಬೀಳ್ಲಿ ಅಂತಾನೇ ಹೇಳಿದ್ದು ನಾನು. ಗೊತ್ತಿದ್ದೇ ಹೇಳಿದ್ದು."

ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ಕಾರನ್ನು ಗೋಡೆಗೆ ತಾಗಿಸಿದರೂ ಗೋಡೆಯದೇ ತಪ್ಪು ಅಂದವರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. "ಮನೆಗೆ ಬರ್ತೀನಿ, ಕಾಫಿ ಡಿಕಾಕ್ಷನ್ ಹಾಕಿಡಿ," ಅಂದೆ.

ಇದನ್ನೆಲ್ಲ ಬರೆದು ಮುಗಿಸಿದ ಮೇಲೆ ಯಜಮಾನರ ಕೈಗೆ ಕೊಟ್ಟೆ. ಎರಡು ಫೋನ್ ಕಾಲಿನ ಮಾತನ್ನೂ ಬರೆದಿದ್ದೇನೆ, ಬೇಡವೆಂದರೆ ತೆಗೆದುಹಾಕುತ್ತೇನೆ ಎಂದೂ ಹೇಳಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತುಂಬ ಹೊತ್ತು ಏನೂ ಅನ್ನಲಿಲ್ಲ, ನಾನೂ ಬಾಯಿ ಹಾಕದೆ ಕಾದೆ.

"ತೆಗೀಬೇಡ, ಇರ್ಲಿ," ಅಂದರು. "ನಾನೇ ಹೇಳಿದ್ದು ತಾನೆ."